ಶ್ರೀಲಂಕೆಯ ಬಂಡಾರನಾಯಕೆ ಕುಟುಂಬ: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಡ, ಹೆಂಡತಿ, ಮಗಳು ಹೀಗೆ ಒಂದೇ ಮನೆಯ ಮೂವರು ಬೇರೆ ಬೇರೆ ಕಾಲದಲ್ಲಿ ಶ್ರೀಲಂಕೆಯ ಚುಕ್ಕಾಣಿ ಹಿಡಿದಿದ್ದಾರೆ. ನೆರೆಯ ಈ ದ್ವೀಪದ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ ಯುದ್ಧ, ಕ್ರಿಕೆಟ್, ಈಚೆಗೆ ಆರ್ಥಿಕ ಬಿಕ್ಕಟ್ಟು ಇಷ್ಟೇ ಮುಂದೆ ಬರುತ್ತವೆ. ಆ ಯುದ್ಧದ ಬೇರು ಎಲ್ಲಿದೆ ಎಂದು ತಿಳಿಯಬೇಕಾದರೆ ಈ ಕುಟುಂಬದ ಕಥೆಯನ್ನು, ಅದರಲ್ಲಿಯೂ ಅದು 1956ರಲ್ಲಿ ಭಾಷೆಯ ಹೆಸರಿನಲ್ಲಿ ಕೊಟ್ಟ ಒಂದು ಮಾತಿನ ಕಥೆಯನ್ನು ಓದಬೇಕು. ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಈ ಕುಟುಂಬದಿಂದ ಯಾರು ಯಾರು ದೇಶವನ್ನು ಮುನ್ನಡೆಸಿದರು?

ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ ಅವರು 1956ರ ಏಪ್ರಿಲ್‌ನಿಂದ 1959ರ ಸೆಪ್ಟೆಂಬರ್‌ನಲ್ಲಿ ಹತ್ಯೆಯಾಗುವವರೆಗೆ ಪ್ರಧಾನಿಯಾಗಿದ್ದರು. ಅವರ ಪತ್ನಿ ಸಿರಿಮಾವೊ ಬಂಡಾರನಾಯಕೆ 1960ರಿಂದ 1965, 1970ರಿಂದ 1977, ಮತ್ತೆ 1994ರಿಂದ 2000ರವರೆಗೆ ಮೂರು ಬಾರಿ ಪ್ರಧಾನಿಯಾದರು. ಮಗಳು ಚಂದ್ರಿಕಾ ಕುಮಾರತುಂಗ 1994ರ ಆಗಸ್ಟ್‌ನಲ್ಲಿ ಪ್ರಧಾನಿಯಾಗಿ, ಅದೇ ವರ್ಷದ ನವೆಂಬರ್‌ನಲ್ಲಿ ರಾಷ್ಟ್ರಾಧ್ಯಕ್ಷೆಯಾಗಿ, 2005ರ ನವೆಂಬರ್‌ವರೆಗೆ ಆ ಹುದ್ದೆಯಲ್ಲಿದ್ದರು. ಮಗ ಅನುರ ಬಂಡಾರನಾಯಕೆ ಸಂಸತ್ತಿನ ಸ್ಪೀಕರ್ ಮತ್ತು ವಿದೇಶಾಂಗ ಸಚಿವರಾಗಿದ್ದರು.

ಈ ಮನೆತನದ ಹಿನ್ನೆಲೆ ಏನು? ಇವರು ಮೊದಲಿನಿಂದಲೂ ಬೌದ್ಧರೇ?

ಅಲ್ಲ. ಎಸ್.ಡಬ್ಲ್ಯು.ಆರ್.ಡಿ. 1899ರ ಜನವರಿ 8ರಂದು ಹುಟ್ಟಿದ್ದು ಆಂಗ್ಲಿಕನ್ ಕ್ರೈಸ್ತ ಮನೆಯಲ್ಲಿ. ತಂದೆ ಸರ್ ಸಾಲೊಮನ್ ಡಯಾಸ್ ಬಂಡಾರನಾಯಕೆ ಅವರು ಬ್ರಿಟಿಷ್ ಆಡಳಿತದ ಮಹಾ ಮುದಲಿಯಾರ್, ಅಂದರೆ ದೇಶೀಯ ಅಧಿಕಾರಿಗಳ ಪೈಕಿ ಎಲ್ಲರಿಗಿಂತ ಮೇಲಿನವರು, ಗವರ್ನರಿಗೆ ಸಲಹೆ ಕೊಡುವವರು. ಮಗನ ಹೆಸರಿನ ನಡುವಿರುವ ‘ವೆಸ್ಟ್ ರಿಜ್‌ವೇ’ ಎಂಬುದು ಆಗಿನ ಗವರ್ನರ್ ಜೋಸೆಫ್ ವೆಸ್ಟ್ ರಿಜ್‌ವೇ ಅವರಿಂದ ಬಂದದ್ದು. ಗಂಪಹ ಜಿಲ್ಲೆಯ ಹೊರಗೊಲ್ಲದಲ್ಲಿ ಅವರ ವಾಲಾವ್ವ ಇತ್ತು. ವಾಲಾವ್ವ ಎಂದರೆ ಸಿಂಹಳ ಜಮೀನ್ದಾರರ ದೊಡ್ಡ ಮನೆ. ನಮ್ಮ ಮಲೆನಾಡಿನ ಪಟೇಲರ ಮನೆ, ತುಳುನಾಡಿನ ಗುತ್ತಿನ ಮನೆಗಳನ್ನು ನೆನೆದರೆ ಅದರ ಗತ್ತು ಅರ್ಥವಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಈ ಮನೆತನದ ಮೂಲಪುರುಷ ನೀಲಪೆರುಮಾಳ್ ಎಂಬಾತ ದಕ್ಷಿಣ ಭಾರತದಿಂದ ಬಂದು ದ್ವೀಪದ ದೇವಾಲಯವೊಂದರ ಅರ್ಚಕನಾದನೆಂದೂ, ‘ನಾಯಕ ಪಂಡಾರಂ’ ಎಂಬ ಬಿರುದೇ ಮುಂದೆ ಬಂಡಾರನಾಯಕೆ ಎಂದಾಯಿತೆಂದೂ ಐತಿಹ್ಯವಿದೆ. ಸಿಂಹಳವೊಂದೇ ರಾಜಭಾಷೆಯಾಗಬೇಕು ಎಂದು ಕಾನೂನು ತಂದ ಮನೆಯ ಹೆಸರಿನೊಳಗೆ ಸಮುದ್ರದ ಈ ದಡದ ನೆನಪು ಉಳಿದುಕೊಂಡಿದೆ.

ಇಂಗ್ಲಿಷಿನಲ್ಲಿಯೇ ಬೆಳೆದವರು ಸಿಂಹಳ ಜನರ ನಾಯಕರಾದದ್ದು ಹೇಗೆ?

ಎಸ್.ಡಬ್ಲ್ಯು.ಆರ್.ಡಿ. ಓದಿದ್ದು ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ. ಅಲ್ಲಿನ ಚರ್ಚಾಕೂಟದಲ್ಲಿ ಒಳ್ಳೆಯ ಮಾತುಗಾರರೆಂದು ಹೆಸರು ಮಾಡಿದ್ದರು. 1925ರಲ್ಲಿ ಊರಿಗೆ ಮರಳಿದಾಗ ಸಿಂಹಳದಲ್ಲಿ ಭಾಷಣ ಮಾಡುವಷ್ಟು ಹಿಡಿತ ಅವರಿಗಿರಲಿಲ್ಲ. ಅದನ್ನು ಕಲಿತು ಗಳಿಸಿಕೊಂಡರು. ಬೌದ್ಧ ಧರ್ಮ ಸ್ವೀಕರಿಸಿದರು, ಸೂಟು ಬಿಟ್ಟು ಬಿಳಿಯ ದೇಶೀ ಉಡುಪು ತೊಟ್ಟರು, 1930ರ ದಶಕದಲ್ಲಿ ಸಿಂಹಳ ಮಹಾಸಭೆಯನ್ನು ಕಟ್ಟಿದರು. ಇದೆಲ್ಲ ಬರೀ ವೇಷ ಎಂದು ಆಗಲೂ ಆಡಿಕೊಂಡವರಿದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ. ಹಳ್ಳಿಯವನು ತನ್ನ ನೆಲದ ಕಚೇರಿಯಲ್ಲಿ ಪರಕೀಯನಂತೆ ನಿಲ್ಲಬೇಕಾದ ಅವಮಾನವನ್ನು ಅವರು ನಿಜವಾಗಿಯೂ ಕಂಡಿದ್ದರು.

1947ರಲ್ಲಿ ಡಿ.ಎಸ್. ಸೇನಾನಾಯಕೆ ಅವರ ಯುನೈಟೆಡ್ ನ್ಯಾಷನಲ್ ಪಾರ್ಟಿ ಸರ್ಕಾರದಲ್ಲಿ ಸಚಿವರಾದ ಅವರು 1951ರಲ್ಲಿ ಅದನ್ನು ತೊರೆದು ಶ್ರೀಲಂಕಾ ಫ್ರೀಡಂ ಪಾರ್ಟಿಯನ್ನು ಸ್ಥಾಪಿಸಿದರು. ಮರುವರ್ಷದ ಚುನಾವಣೆಯಲ್ಲಿ ಸಿಕ್ಕಿದ್ದು 9 ಸ್ಥಾನ ಮಾತ್ರ. ನಾಲ್ಕು ವರ್ಷಗಳ ಬಳಿಕ, 1956ರಲ್ಲಿ, ಅವರ ಮೈತ್ರಿಕೂಟ 95 ಸ್ಥಾನಗಳ ಸದನದಲ್ಲಿ 51 ಗೆದ್ದಿತು, ಆಳುವ ಪಕ್ಷ 8ಕ್ಕೆ ಇಳಿಯಿತು. ಭಿಕ್ಷುಗಳು, ನಾಟಿ ವೈದ್ಯರು, ಶಾಲಾ ಶಿಕ್ಷಕರು, ರೈತರು ಮತ್ತು ಕಾರ್ಮಿಕರು ಎಂಬ ‘ಪಂಚ ಮಹಾಬಲ’ ಅವರ ಬೆನ್ನಿಗಿತ್ತು. ಊರೂರಿನಲ್ಲಿ ಪ್ರಚಾರ ಮಾಡಿದವರು ಇವರೇ.

‘ಸಿಂಹಳವೊಂದೇ’ ಕಾಯ್ದೆ ಎಂದರೇನು? ಅದರಲ್ಲಿ ತಪ್ಪೇನಿತ್ತು?

1956ರ ಅಧಿಕೃತ ಭಾಷಾ ಕಾಯ್ದೆಯು ಇಂಗ್ಲಿಷನ್ನು ಕೆಳಗಿಳಿಸಿ ಸಿಂಹಳವನ್ನು ದೇಶದ ಏಕೈಕ ಅಧಿಕೃತ ಭಾಷೆಯಾಗಿ ಮಾಡಿತು. ಈ ಬೇಡಿಕೆಯ ಅರ್ಧಭಾಗ ನ್ಯಾಯವಾದದ್ದೇ. ಇಂಗ್ಲಿಷ್ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇಲ್ಲದ ದೇಶದಲ್ಲಿ ನ್ಯಾಯಾಲಯ, ಕಚೇರಿ, ಪೊಲೀಸ್ ಠಾಣೆ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟು ಇಂಗ್ಲಿಷಿನಲ್ಲಿ ಹಿಂಬರಹ ಪಡೆದು, ಅದನ್ನು ಓದಿ ಹೇಳುವವರನ್ನು ಹುಡುಕಿಕೊಂಡು ಅಲೆದ ಅನುಭವವಿರುವ ನಮ್ಮ ಜನರಿಗೆ ಆ ಸಿಟ್ಟನ್ನು ವಿವರಿಸಬೇಕಾಗಿಲ್ಲ.

ಆದರೆ ಆ ದ್ವೀಪದ ಉತ್ತರ ಮತ್ತು ಪೂರ್ವದಲ್ಲಿ ತಲೆಮಾರುಗಳಿಂದ ಬದುಕಿದ್ದ ತಮಿಳರಿಗೂ ಇಂಗ್ಲಿಷ್ ಅಷ್ಟೇ ದೂರವಾಗಿತ್ತು. ಮೊದಮೊದಲು ಬಂದ ಬೇಡಿಕೆ ‘ಸ್ವಭಾಷೆ’ ಎಂಬುದು, ಅಂದರೆ ಸಿಂಹಳ ಮತ್ತು ತಮಿಳು ಎರಡೂ. ಚುನಾವಣೆಯ ಪೈಪೋಟಿ ಏರಿದಂತೆ ಎರಡನೆಯದು ಕಳಚಿಬಿತ್ತು. ಆಳುವ ಪಕ್ಷವೂ ಕೊನೆಗಳಿಗೆಯಲ್ಲಿ ಅದೇ ಘೋಷಣೆಗೆ ಬಂದಿತು. ಕಾಯ್ದೆ ಬಂದ ಮೇಲೆ ಸರ್ಕಾರಿ ಕೆಲಸದಲ್ಲಿದ್ದ ತಮಿಳರು ಸಿಂಹಳ ಕಲಿಯಬೇಕು, ಇಲ್ಲವೇ ಬಡ್ತಿಯ ಆಸೆ ಬಿಡಬೇಕು ಎಂದಾಯಿತು. ಬಹುಸಂಖ್ಯಾತರ ಭಾಷೆಗೆ ಸಲ್ಲಬೇಕಾದ ಗೌರವವನ್ನು ಕೊಡಲು ಇನ್ನೊಂದು ಭಾಷೆಯನ್ನು ಬಾಗಿಲಾಚೆ ನಿಲ್ಲಿಸಬೇಕಾಗಿರಲಿಲ್ಲ. ಈ ಕುಟುಂಬದ ಮುಂದಿನ ಐವತ್ತು ವರ್ಷಗಳ ಕಷ್ಟಕ್ಕೆಲ್ಲ ಈ ಒಂದು ನಿರ್ಧಾರವೇ ಮೊದಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದೇ ಬಂಡಾರನಾಯಕೆ 1926ರಲ್ಲಿ, ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ತಮಿಳರ ಉತ್ತರ ಭಾಗದ ಮುಖ್ಯ ಊರಾದ ಜಾಫ್ನಾಕ್ಕೆ ಹೋಗಿ ಸಿಲೋನಿಗೆ (ಶ್ರೀಲಂಕೆಯ ಆಗಿನ ಹೆಸರು) ಒಕ್ಕೂಟ ವ್ಯವಸ್ಥೆಯೇ ತಕ್ಕದ್ದೆಂದು ವಾದಿಸಿದ್ದರು. ಆಗ ತಮಿಳು ನಾಯಕರೇ ಅದಕ್ಕೆ ಕಿವಿಗೊಡಲಿಲ್ಲ.

ಅವರು ತಮ್ಮ ತಪ್ಪನ್ನು ತಿದ್ದಿಕೊಳ್ಳಲು ಪ್ರಯತ್ನಿಸಲಿಲ್ಲವೇ?

ಪ್ರಯತ್ನಿಸಿದರು, ಮತ್ತು ಆ ಪ್ರಯತ್ನ ಮುರಿದುಬಿದ್ದ ರೀತಿಯೇ ಈ ಕಥೆಯ ಅತ್ಯಂತ ನೋವಿನ ಭಾಗ. 1957ರ ಜುಲೈನಲ್ಲಿ ತಮಿಳರ ಫೆಡರಲ್ ಪಕ್ಷದ ನಾಯಕ ಎಸ್.ಜೆ.ವಿ. ಚೆಲ್ವನಾಯಗಂ ಅವರೊಂದಿಗೆ ಪ್ರಧಾನಿ ಒಪ್ಪಂದ ಮಾಡಿಕೊಂಡರು. ಉತ್ತರ ಮತ್ತು ಪೂರ್ವದಲ್ಲಿ ತಮಿಳಿನಲ್ಲಿ ಆಡಳಿತ ನಡೆಯಲಿ, ಪ್ರಾದೇಶಿಕ ಮಂಡಳಿಗಳು ರಚನೆಯಾಗಲಿ, ಹೊಸ ನೀರಾವರಿ ಪ್ರದೇಶಗಳಲ್ಲಿ ಜನರನ್ನು ನೆಲೆಗೊಳಿಸುವ ವಿಚಾರದಲ್ಲಿ ಆ ಮಂಡಳಿಗಳಿಗೆ ಅಧಿಕಾರವಿರಲಿ ಎಂಬುದು ಅದರ ಸಾರ. ವಿರೋಧ ಪಕ್ಷದಲ್ಲಿದ್ದ ಜೆ.ಆರ್. ಜಯವರ್ಧನೆ ಇದನ್ನು ವಿರೋಧಿಸಿ ಕೊಲಂಬೊದಿಂದ ಕ್ಯಾಂಡಿಗೆ ಪಾದಯಾತ್ರೆ ಹೊರಟರು. ಇಂಬುಲ್‌ಗೊಡದಲ್ಲಿ ಅದನ್ನು ತಡೆಯಲಾಯಿತು, ಆದರೆ ಎದ್ದ ಸಿಟ್ಟು ತಡೆಯಲಿಲ್ಲ.

ಈ ನಡುವೆ ವಾಹನಗಳ ನಂಬರ್ ಪ್ಲೇಟಿನ ಮೇಲೆ ಸಿಂಹಳದ ‘ಶ್ರೀ’ ಅಕ್ಷರ ಬಂದಿತ್ತು. 1958ರಲ್ಲಿ ಹೊಸದಾಗಿ ರಾಷ್ಟ್ರೀಕರಣಗೊಂಡ ಬಸ್ಸುಗಳು ಆ ಅಕ್ಷರ ಹೊತ್ತು ಜಾಫ್ನಾಕ್ಕೆ ಹೋದಾಗ ಅಲ್ಲಿನ ಯುವಕರು ಅದರ ಮೇಲೆ ಡಾಂಬರು ಬಳಿದು ತಮಿಳು ‘ಶ್ರೀ’ ಬರೆದರು. ದಕ್ಷಿಣದಲ್ಲಿ ಅದಕ್ಕೆ ಉತ್ತರವಾಗಿ ತಮಿಳು ಅಂಗಡಿಗಳ ಫಲಕಗಳಿಗೆ ಡಾಂಬರು ಬಿತ್ತು. ಮಂಗಳವನ್ನು ಸೂಚಿಸುವ ಅಕ್ಷರ ಒಂದೇ. ಬರೆಯುವ ಲಿಪಿ ಎರಡು. ಅಷ್ಟಕ್ಕೇ ಜನ ಬೀದಿಗಿಳಿದರು.

ಏಪ್ರಿಲ್‌ನಲ್ಲಿ ಭಿಕ್ಷುಗಳು ಕೊಲಂಬೊದ ರೋಸ್‌ಮೀಡ್ ಪ್ಲೇಸ್‌ನಲ್ಲಿದ್ದ ಪ್ರಧಾನಿಯ ಮನೆಯ ಮುಂದೆ ಧರಣಿ ಕುಳಿತರು. ಬಾಯಿಮಾತು ಸಾಲದು, ಒಪ್ಪಂದ ರದ್ದಾಯಿತೆಂದು ಬರೆದುಕೊಡಬೇಕೆಂದು ಹಟ ಹಿಡಿದರು. ಬಂಡಾರನಾಯಕೆ ಬರೆದುಕೊಟ್ಟರು. ಮುಂದಿನ ತಿಂಗಳು ದೇಶದಾದ್ಯಂತ ತಮಿಳರ ಮೇಲೆ ಹಿಂಸಾಚಾರ ನಡೆದು, ತುರ್ತು ಪರಿಸ್ಥಿತಿ ಹೇರಬೇಕಾಯಿತು. ಆ ಬಳಿಕ ತಮಿಳಿಗೆ ಸೀಮಿತ ಅವಕಾಶ ಕೊಡುವ ಕಾಯ್ದೆಯೊಂದನ್ನು ಅವರು ತಂದರೂ ನಂಬಿಕೆ ಅಷ್ಟು ಹೊತ್ತಿಗೆ ಹೋಗಿಯಾಗಿತ್ತು.

ಬಂಡಾರನಾಯಕೆ ಅವರನ್ನು ಕೊಂದವರು ಯಾರು?

1959ರ ಸೆಪ್ಟೆಂಬರ್ 25, ಶುಕ್ರವಾರ ಬೆಳಿಗ್ಗೆ. ಅಂದು ಎಂದಿನಂತೆ ರೋಸ್‌ಮೀಡ್ ಪ್ಲೇಸ್ ಮನೆಯ ಜಗಲಿಯಲ್ಲಿ ಪ್ರಧಾನಿಯ ಭೇಟಿಗೆ ಜನ ಸೇರಿದ್ದರು. ಬರುವವರನ್ನು ತಡೆದು ತಪಾಸಣೆ ಮಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅಮೆರಿಕದ ರಾಯಭಾರಿ ಮಾತನಾಡಿ ಹೊರಟುಹೋಗಿದ್ದರು. ಕಾದು ಕುಳಿತವರಲ್ಲಿ ತಾಲ್ದುವೆ ಸೋಮರಾಮ ಎಂಬ ಭಿಕ್ಷು ಇದ್ದ. ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳುವ ನೇತ್ರವೈದ್ಯ. ಪ್ರಧಾನಿ ಸಂಪ್ರದಾಯದಂತೆ ಭಿಕ್ಷುವಿನ ಮುಂದೆ ಬಾಗಿ ನಮಸ್ಕರಿಸಿದಾಗ ಆತ ಕಾಷಾಯದ ಮಡಿಕೆಯಿಂದ ರಿವಾಲ್ವರ್ ತೆಗೆದು ಗುಂಡು ಹಾರಿಸಿದ. ಆಸ್ಪತ್ರೆಯಿಂದ ಬಂಡಾರನಾಯಕೆ ತಮ್ಮನ್ನು ಕೊಲ್ಲಲು ಬಂದವನ ಮೇಲೆ ಸೇಡು ತೀರಿಸಿಕೊಳ್ಳಬಾರದು, ಅವನಿಗೆ ಕರುಣೆ ತೋರಬೇಕು ಎಂದು ಸಂದೇಶ ಕೊಟ್ಟರು. ಮರುದಿನ ತೀರಿಕೊಂಡರು.

ಸಂಚಿನ ಮುಖ್ಯಸ್ಥ ಕೆಲನಿಯ ವಿಹಾರದ ಪ್ರಭಾವಿ ಭಿಕ್ಷು ಮಾಪಿಟಿಗಮ ಬುದ್ಧರಕ್ಖಿತ ಎಂದು ನ್ಯಾಯಾಲಯದಲ್ಲಿ ಸಾಬೀತಾಯಿತು. 1956ರ ಗೆಲುವಿಗೆ ದುಡಿದವರಲ್ಲಿ ಆತ ಮುಂಚೂಣಿಯಲ್ಲಿದ್ದ. ಸೋಮರಾಮನನ್ನು 1962ರಲ್ಲಿ ಗಲ್ಲಿಗೇರಿಸಲಾಯಿತು. ಬುದ್ಧರಕ್ಖಿತ 1967ರಲ್ಲಿ ಸೆರೆಮನೆಯಲ್ಲಿಯೇ ಸತ್ತ.

ರಾಜಕೀಯದಲ್ಲಿ ಇರದಿದ್ದ ಸಿರಿಮಾವೊ ಪ್ರಧಾನಿಯಾದದ್ದು ಹೇಗೆ?

ಸಿರಿಮಾವೊ ರತ್ವತ್ತೆ ಕ್ಯಾಂಡಿ ಸೀಮೆಯ ಹಳೆಯ ಬೌದ್ಧ ಮನೆತನದ ಮಗಳು, 1916ರಲ್ಲಿ ಹುಟ್ಟಿದವರು; ಮದುವೆಯಾದದ್ದು 1940ರಲ್ಲಿ. ಮನೆಗೆ ಬಂದ ಗಂಡನ ಗೆಳೆಯರಿಗೆ ಚಹಾ ಕೊಡುತ್ತಿದ್ದ ಗೃಹಿಣಿ ಎಂದು ಅವರನ್ನು ಬಣ್ಣಿಸುವುದು ರೂಢಿ, ಅದು ಅರ್ಧಸತ್ಯ. ಲಂಕಾ ಮಹಿಳಾ ಸಮಿತಿಯ ಕೆಲಸಕ್ಕಾಗಿ ಅವರು ವರ್ಷಗಟ್ಟಲೆ ಹಳ್ಳಿಗಳನ್ನು ತಿರುಗಿದ್ದರು. ಗ್ರಾಮೀಣ ಹೆಂಗಸರ ಪಾಡು ಅವರಿಗೆ ಗಂಡನಿಗಿಂತ ಹತ್ತಿರದಿಂದ ಗೊತ್ತಿತ್ತು.

ಹತ್ಯೆಯ ಬಳಿಕ ಪಕ್ಷ ಚೂರಾಗುವ ಹಂತದಲ್ಲಿತ್ತು. 1960ರ ಪ್ರಚಾರದಲ್ಲಿ ಅವರ ಸಭೆಗಳಲ್ಲಿ ಗಂಡನ ಭಾಷಣದ ಧ್ವನಿಮುದ್ರಿಕೆಗಳನ್ನು ಹಾಕಲಾಗುತ್ತಿತ್ತು. ಎದುರಾಳಿಗಳು ‘ಅಳುವ ವಿಧವೆ’ ಎಂದು ಹೀಗಳೆದರು. ಜುಲೈ ಚುನಾವಣೆಯಲ್ಲಿ ಪಕ್ಷಕ್ಕೆ 75 ಸ್ಥಾನ ಬಂದವು. ಜುಲೈ 21ರಂದು, 44ನೆಯ ವಯಸ್ಸಿನಲ್ಲಿ, ಅವರು ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು. ಇಂದಿರಾ ಗಾಂಧಿ ಆ ಹುದ್ದೆಗೆ ಬಂದದ್ದು ಇದಾದ ಐದೂವರೆ ವರ್ಷಗಳ ಮೇಲೆ.

ಅವರ ಆಡಳಿತದಲ್ಲಿ ದೇಶ ಹೇಗೆ ಬದಲಾಯಿತು?

ಗಂಡ ಬಸ್ಸು ಮತ್ತು ಬಂದರನ್ನು ರಾಷ್ಟ್ರೀಕರಿಸಿದ್ದರು. ಸಿರಿಮಾವೊ ವಿಮೆ, ಪೆಟ್ರೋಲಿಯಂ, ಅನುದಾನಿತ ಖಾಸಗಿ ಶಾಲೆಗಳನ್ನು ಸರ್ಕಾರದ ಕೈಗೆ ತಂದರು. ತೈಲ ಕಂಪನಿಗಳ ವಿಚಾರವಾಗಿ ಅಮೆರಿಕ ತನ್ನ ನೆರವನ್ನು ನಿಲ್ಲಿಸಿತು. 1962ರ ಸೇನಾ ಕ್ಷಿಪ್ರಕ್ರಾಂತಿಯ ಸಂಚನ್ನು ಅವರು ದಾಟಿಕೊಂಡರು. ಪತ್ರಿಕಾ ಸಂಸ್ಥೆಯೊಂದನ್ನು ಸರ್ಕಾರದ ಹಿಡಿತಕ್ಕೆ ತರಲು ಹೊರಟಾಗ, 1964ರ ಡಿಸೆಂಬರ್‌ನಲ್ಲಿ, ಸ್ವಪಕ್ಷದವರೇ ಕೈಕೊಟ್ಟು ಒಂದೇ ಮತದಿಂದ ಸದನದಲ್ಲಿ ಸೋತರು.

1970ರಲ್ಲಿ ಎಡಪಕ್ಷಗಳ ಜೊತೆ ಮರಳಿ ಬಂದಾಗ ಅವರ ಕೂಟಕ್ಕೆ 151ರಲ್ಲಿ 116 ಸ್ಥಾನ. ಒಂದು ವರ್ಷ ತುಂಬುವ ಮೊದಲೇ, 1971ರ ಏಪ್ರಿಲ್‌ನಲ್ಲಿ, ಜನತಾ ವಿಮುಕ್ತಿ ಪೆರಮುನ ಎಂಬ ಎಡಪಂಥೀಯ ಸಂಘಟನೆಯ ಸಿಂಹಳ ಯುವಕರು ಬಂದೂಕು ಹಿಡಿದು ದಂಗೆ ಎದ್ದರು. ಈ ಯುವಕರು ಯಾರು ಎಂಬುದನ್ನು ಗಮನಿಸಬೇಕು: 1956ರ ಮಾತನ್ನು ನಂಬಿ ಸಿಂಹಳ ಮಾಧ್ಯಮದಲ್ಲಿ ಓದಿ, ಓದಿದ್ದಕ್ಕೆ ತಕ್ಕ ಕೆಲಸ ಸಿಗದೆ ಮನೆಯಲ್ಲಿ ಕುಳಿತಿದ್ದ ಹಳ್ಳಿಯ ಮಕ್ಕಳು. ಭಾಷೆಗೆ ಪಟ್ಟ ಕಟ್ಟಿದರೂ ಆ ಭಾಷೆಯಲ್ಲಿ ಅನ್ನ ದುಡಿಯುವ ದಾರಿ ಮಾಡಿಕೊಟ್ಟಿರಲಿಲ್ಲ. ದಂಗೆಯನ್ನು ಕಠಿಣವಾಗಿ ಹತ್ತಿಕ್ಕಲಾಯಿತು; ಸಾವಿರಾರು ಯುವಜನರು ಸತ್ತರು.

1972ರ ಮೇ 22ರ ಹೊಸ ಸಂವಿಧಾನದಿಂದ ಸಿಲೋನ್ ಗಣರಾಜ್ಯವಾಗಿ ಶ್ರೀಲಂಕಾ ಎಂಬ ಹೆಸರು ಪಡೆಯಿತು; ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಸಿಕ್ಕಿತು; ಅಲ್ಪಸಂಖ್ಯಾತರಿಗೆ ಹಳೆಯ ಸಂವಿಧಾನದಲ್ಲಿದ್ದ ರಕ್ಷಣೆಯ ಕಲಮು ಬಿಟ್ಟುಹೋಯಿತು. ವಿಶ್ವವಿದ್ಯಾಲಯದ ಪ್ರವೇಶಕ್ಕೆ ತಮಿಳು ವಿದ್ಯಾರ್ಥಿಗಳು ಹೆಚ್ಚು ಅಂಕ ತೆಗೆಯಬೇಕೆಂಬ ‘ಸಮೀಕರಣ’ ನೀತಿ ಜಾಫ್ನಾದ ಹುಡುಗರನ್ನು ಉಗ್ರವಾದದ ಕಡೆಗೆ ನೂಕಿತು. ಭೂಸುಧಾರಣೆಯ ವಿಷಯದಲ್ಲಿ ಮಾತ್ರ ಅವರನ್ನು ಮೆಚ್ಚಲೇಬೇಕು. ತಲೆಗೆ 50 ಎಕರೆಯ ಮಿತಿ ಹಾಕಿದಾಗ ಜಮೀನು ಕಳೆದುಕೊಂಡವರಲ್ಲಿ ಅವರದೇ ಕುಟುಂಬವೂ ಸೇರಿತ್ತು.

ಆಹಾರದ ಕೊರತೆ, ಪಡಿತರದ ಸಾಲು, ವರ್ಷಗಟ್ಟಲೆಯ ತುರ್ತು ಪರಿಸ್ಥಿತಿ ಇವೆಲ್ಲ ಸೇರಿ 1977ರಲ್ಲಿ ಪಕ್ಷ 8 ಸ್ಥಾನಕ್ಕೆ ಕುಸಿಯಿತು. 1956ರಲ್ಲಿ ಎದುರಾಳಿಗೆ ಬಂದ ಸಂಖ್ಯೆಯೂ ಅದೇ.

ಸಿರಿಮಾ–ಶಾಸ್ತ್ರಿ ಒಪ್ಪಂದ ಯಾವುದು? ಕರ್ನಾಟಕಕ್ಕೂ ಅದಕ್ಕೂ ಏನು ನಂಟು?

ಬ್ರಿಟಿಷರು ಚಹಾ ತೋಟಗಳ ಕೂಲಿಗಾಗಿ ತಮಿಳುನಾಡಿನಿಂದ ಕರೆದೊಯ್ದಿದ್ದ ಜನರ ಸಂತತಿಗೆ ಸ್ವಾತಂತ್ರ್ಯ ಬಂದ ಕೂಡಲೇ, 1948ರಲ್ಲಿ, ಸಿಲೋನ್ ಪೌರತ್ವ ನಿರಾಕರಿಸಿತ್ತು. ಇವರು ಜಾಫ್ನಾದ ತಮಿಳರಲ್ಲ. ಬೆಟ್ಟದ ಲೈನ್ ಮನೆಗಳಲ್ಲಿ ಹುಟ್ಟಿ ಅಲ್ಲಿಯೇ ಸಾಯುತ್ತಿದ್ದ ತೋಟದ ಕಾರ್ಮಿಕರು. 1964ರ ಅಕ್ಟೋಬರ್ 30ರಂದು ಸಿರಿಮಾವೊ ಮತ್ತು ಲಾಲ್ ಬಹಾದೂರ್ ಶಾಸ್ತ್ರಿ ಸಹಿ ಹಾಕಿದ ಒಪ್ಪಂದ ಸುಮಾರು 9,75,000 ಜನರನ್ನು ಲೆಕ್ಕ ಹಾಕಿ ಹಂಚಿತು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ 1,50,000 ಜನರನ್ನು 1974ರಲ್ಲಿ ಇಂದಿರಾ ಗಾಂಧಿ ಅವರೊಂದಿಗೆ ಅರ್ಧರ್ಧ ಮಾಡಿಕೊಳ್ಳಲಾಯಿತು. ಎಲ್ಲಿಗೆ ಸೇರಬೇಕೆಂದು ಆ ಜನರ ಪ್ರತಿನಿಧಿಗಳನ್ನು ಕೂರಿಸಿ ಕೇಳಿದ ಒಪ್ಪಂದ ಅದಾಗಿರಲಿಲ್ಲ. ಈ ಕುಟುಂಬದ ದಾಖಲೆಯಲ್ಲಿ ನನಗೆ ಅತಿ ಹೆಚ್ಚು ಕಸಿವಿಸಿ ಉಂಟುಮಾಡುವ ಕಾಗದ ಇದು, ಮತ್ತು ಅದರ ಮೇಲೆ ನಮ್ಮ ದೇಶದ ಸಹಿಯೂ ಇದೆ.

ತಲೈಮನ್ನಾರ್‌ನಿಂದ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದ ಆ ಕುಟುಂಬಗಳಲ್ಲಿ ಕೆಲವು ದಕ್ಷಿಣ ಕನ್ನಡದ ಸುಳ್ಯ ಮತ್ತು ಪುತ್ತೂರು ತಾಲ್ಲೂಕುಗಳಿಗೆ ಬಂದವು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸ ಕೊಡಲಾಯಿತು. ಬೆಳಗಿನ ಜಾವ, ಬಿಸಿಲೇರುವ ಮೊದಲೇ, ಮರದಿಂದ ಮರಕ್ಕೆ ನಡೆದು ತೊಗಟೆಯಲ್ಲಿ ಓರೆಯಾಗಿ ಗೀರು ಹಾಕಿ, ಕೆಳಗೆ ಕಟ್ಟಿದ ಚಿಪ್ಪಿಗೆ ಬಿಳಿಯ ಹಾಲು ತೊಟ್ಟಿಕ್ಕುವಂತೆ ಮಾಡಿ, ಹೊತ್ತೇರಿದ ಮೇಲೆ ಅದನ್ನೆಲ್ಲ ಬಕೆಟ್ಟಿಗೆ ಬಸಿದುಕೊಂಡು ಬರುವ ದುಡಿಮೆ ಅದು. ಮನೆಯೊಳಗೆ ತಮಿಳು, ಹೊರಗೆ ತುಳು, ಮಕ್ಕಳ ಶಾಲೆಯಲ್ಲಿ ಕನ್ನಡ. ಸುಳ್ಯದ ಕಡೆಯವರಿಗೆ ‘ಸಿಲೋನ್ ಕಾಲೊನಿ’ಯ ನೆರೆಹೊರೆ ಹೊಸದಲ್ಲ, ಆದರೆ ಆ ಕಾಲೊನಿಯ ಹಿಂದೆ ಕೊಲಂಬೊದ ಈ ಕುಟುಂಬವಿದೆ ಎಂಬುದು ಹಲವರ ಗಮನಕ್ಕೆ ಬಂದಿರಲಾರದು.

ಭಾರತದೊಂದಿಗೆ ಸಿರಿಮಾವೊ ಅವರ ಸಂಬಂಧ ಹೇಗಿತ್ತು?

ಒಟ್ಟಿನಲ್ಲಿ ಒಳ್ಳೆಯದಾಗಿತ್ತು. 1962ರ ಚೀನಾ ಯುದ್ಧದ ಬಳಿಕ ಅವರು ಅಲಿಪ್ತ ರಾಷ್ಟ್ರಗಳನ್ನು ಕೊಲಂಬೊದಲ್ಲಿ ಸೇರಿಸಿ ಸಂಧಾನಕ್ಕೆ ಯತ್ನಿಸಿದರು. 1971ರ ದಂಗೆಯ ವೇಳೆ ಭಾರತ ಹೆಲಿಕಾಪ್ಟರುಗಳನ್ನು, ನೌಕಾ ನೆರವನ್ನು ಕಳಿಸಿತು. ಹಾಗಿದ್ದೂ ಅದೇ ವರ್ಷ ಪಾಕಿಸ್ತಾನದ ವಿಮಾನಗಳಿಗೆ ಕೊಲಂಬೊದಲ್ಲಿ ಇಂಧನ ತುಂಬಿಸಿಕೊಳ್ಳಲು ಅವರು ಅವಕಾಶ ಕೊಟ್ಟದ್ದು ದೆಹಲಿಗೆ ಹಿಡಿಸಲಿಲ್ಲ. 1974ರಲ್ಲಿ ಕಚ್ಚತೀವು ದ್ವೀಪ ಶ್ರೀಲಂಕೆಯ ಪಾಲಿಗೆ ಹೋದದ್ದು ಇಂದಿರಾ ಮತ್ತು ಸಿರಿಮಾವೊ ನಡುವಿನ ಒಪ್ಪಂದದಿಂದಲೇ.

ಅವರ ನಾಗರಿಕ ಹಕ್ಕುಗಳನ್ನು ಕಸಿದುಕೊಂಡದ್ದು ಏಕೆ?

ಜಯವರ್ಧನೆ ಅಧ್ಯಕ್ಷರಾದ ಮೇಲೆ ನೇಮಿಸಿದ ವಿಶೇಷ ಆಯೋಗವು ಅಧಿಕಾರ ದುರುಪಯೋಗದ ಆರೋಪಗಳು ರುಜುವಾತಾಗಿವೆ ಎಂದಿತು. 1980ರ ಅಕ್ಟೋಬರ್‌ನಲ್ಲಿ ಸಂಸತ್ತು ಅವರನ್ನು ಹೊರಹಾಕಿ, ಏಳು ವರ್ಷಗಳ ಮಟ್ಟಿಗೆ ನಾಗರಿಕ ಹಕ್ಕುಗಳನ್ನು ರದ್ದುಪಡಿಸಿತು. ಮುಖ್ಯ ಎದುರಾಳಿಯನ್ನು ಕಣದಿಂದಲೇ ಹೊರಗಿಡುವ ಈ ಕ್ರಮ ಪ್ರಜಾಪ್ರಭುತ್ವಕ್ಕೆ ಮಾಡಿದ ದ್ರೋಹವೇ ಸರಿ. 1986ರಲ್ಲಿ ಹಕ್ಕುಗಳು ಮರಳಿದವು. 1988ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರು ಯುನೈಟೆಡ್ ನ್ಯಾಷನಲ್ ಪಾರ್ಟಿಯ ಪ್ರೇಮದಾಸ ಅವರೆದುರು ಸೋತರು.

ಚಂದ್ರಿಕಾ ತಮ್ಮ ತಂದೆತಾಯಿಗಿಂತ ಭಿನ್ನರೇ?

ತಮಿಳರ ವಿಚಾರದಲ್ಲಿ ಹೌದು. ತಂದೆ ಹಾಕಿದ ಗಂಟನ್ನು ಬಿಚ್ಚುವುದು ತಮ್ಮ ಕೆಲಸ ಎಂದು ಅವರು ತಿಳಿದಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಪ್ಯಾರಿಸ್‌ನಲ್ಲಿ ರಾಜ್ಯಶಾಸ್ತ್ರ ಓದಿದರು. ಪತಿ ವಿಜಯ ಕುಮಾರತುಂಗ ಜನಪ್ರಿಯ ಚಿತ್ರನಟ. ತಮಿಳರೊಂದಿಗೆ ರಾಜಿಯಾಗಬೇಕೆಂದು ಬಹಿರಂಗವಾಗಿ ಹೇಳಿದ ಸಿಂಹಳ ನಾಯಕ. 1988ರ ಫೆಬ್ರುವರಿ 16ರಂದು ಅವರನ್ನು ಮನೆಯೆದುರೇ ಗುಂಡಿಟ್ಟು ಕೊಂದರು.

1994ರಲ್ಲಿ ಹದಿನೇಳು ವರ್ಷಗಳ ಯುನೈಟೆಡ್ ನ್ಯಾಷನಲ್ ಪಾರ್ಟಿ ಆಡಳಿತವನ್ನು ಕೊನೆಗಾಣಿಸಿ, ಶಾಂತಿಯ ಭರವಸೆ ಕೊಟ್ಟು, ಶೇಕಡಾ 62ರಷ್ಟು ಮತ ಪಡೆದು ಚಂದ್ರಿಕಾ ಅಧ್ಯಕ್ಷೆಯಾದರು.

ಹಾಗಿದ್ದರೆ ಅವರ ಕಾಲದಲ್ಲಿ ಶಾಂತಿ ಬರಲಿಲ್ಲವೇಕೆ?

ತಮಿಳರ ಸಶಸ್ತ್ರ ಸಂಘಟನೆ ಎಲ್‌ಟಿಟಿಇ ಜೊತೆ ಮಾತುಕತೆ ಆರಂಭಿಸಿದರು, ಆದರೆ ಅದರಿಂದ ಬಂದ ಕದನವಿರಾಮ ನಾಲ್ಕು ತಿಂಗಳೂ ಬಾಳಲಿಲ್ಲ; 1995ರ ಏಪ್ರಿಲ್‌ನಲ್ಲಿ ತ್ರಿಂಕೋಮಲಿಯಲ್ಲಿ ನೌಕಾಪಡೆಯ ದೋಣಿಗಳನ್ನು ಮುಳುಗಿಸಿ ಅದರ ನಾಯಕ ಪ್ರಭಾಕರನ್ ಯುದ್ಧಕ್ಕೆ ಮರಳಿದರು. ಆ ವರ್ಷದ ಕೊನೆಗೆ ಸೇನೆ ಜಾಫ್ನಾವನ್ನು ಹಿಡಿದಾಗ ಲಕ್ಷಾಂತರ ತಮಿಳರು ಮನೆಮಠ ಬಿಟ್ಟು ಓಡಿದ್ದರು. ಒಂದು ಕೈಯಲ್ಲಿ ಯುದ್ಧ ನಡೆಸುತ್ತಲೇ ಇನ್ನೊಂದು ಕೈಯಲ್ಲಿ ಅವರು ಪ್ರಾಂತಗಳಿಗೆ ವ್ಯಾಪಕ ಅಧಿಕಾರ ಕೊಡುವ ಕರಡನ್ನು ಸಿದ್ಧಪಡಿಸಿದರು. ತಂದೆ 1957ರಲ್ಲಿ ಒಪ್ಪಿದ್ದಕ್ಕಿಂತ ಬಹಳ ಮುಂದೆ ಹೋದ ಕರಡು ಅದು.

1999ರ ಡಿಸೆಂಬರ್ 18ರಂದು ಕೊಲಂಬೊದ ಪುರಭವನದ ಬಳಿ ಪ್ರಚಾರ ಸಭೆ ಮುಗಿಯುವ ಹೊತ್ತಿಗೆ ಆತ್ಮಾಹುತಿ ಬಾಂಬ್ ಸ್ಫೋಟಿಸಿತು. ಬಲಗಣ್ಣಿನ ದೃಷ್ಟಿ ಹೋಯಿತು. ಮೂರು ದಿನಗಳ ಮೇಲೆ ನಡೆದ ಮತದಾನದಲ್ಲಿ ಗೆದ್ದು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಪ್ರಮಾಣವಚನ ತೆಗೆದುಕೊಂಡರು. ಇಷ್ಟಾದ ಮೇಲೂ 2000ದ ಆಗಸ್ಟ್‌ನಲ್ಲಿ ಆ ಕರಡು ಸಂವಿಧಾನವನ್ನು ಸಂಸತ್ತಿಗೆ ತಂದರು ಎಂಬುದಕ್ಕೆ ನಾನು ಅವರನ್ನು ಗೌರವಿಸುತ್ತೇನೆ. ವಿರೋಧ ಪಕ್ಷದವರು ಅದರ ಪ್ರತಿಗಳನ್ನು ಸದನದೊಳಗೇ ಸುಟ್ಟರು. ಭಿಕ್ಷುಗಳು ಮತ್ತೆ ಬೀದಿಗೆ ಬಂದರು. ಕರಡು ಅಲ್ಲಿಗೇ ನಿಂತಿತು.

ಅವರ ತಪ್ಪುಗಳೂ ಇವೆ. ಅಧ್ಯಕ್ಷೀಯ ಪದ್ಧತಿಯನ್ನು ತೆಗೆದುಹಾಕುತ್ತೇನೆ ಎಂದವರು ಅದರಲ್ಲಿಯೇ ಹನ್ನೊಂದು ವರ್ಷ ಮುಂದುವರಿದರು. ರನಿಲ್ ವಿಕ್ರಮಸಿಂಘೆ ಪ್ರಧಾನಿಯಾಗಿ 2002ರಲ್ಲಿ ಕದನವಿರಾಮ ತಂದಾಗ ಅವರೊಡನೆ ಹೊಂದಿಕೊಳ್ಳದೆ, 2003ರ ನವೆಂಬರ್‌ನಲ್ಲಿ ರಕ್ಷಣಾ ಖಾತೆ ಸೇರಿದಂತೆ ಮೂರು ಖಾತೆಗಳನ್ನು ಕಿತ್ತುಕೊಂಡರು. 2004ರ ಜುಲೈನಲ್ಲಿ ಅವರು 1983ರ ಹತ್ಯಾಕಾಂಡಕ್ಕಾಗಿ ತಮಿಳರ ಕ್ಷಮೆ ಕೇಳಿದರು. ಆ ಹತ್ಯಾಕಾಂಡ ಅವರ ಪಕ್ಷದ ಆಡಳಿತದಲ್ಲಿ ನಡೆದದ್ದಲ್ಲ. ಆದರೂ ದೇಶದ ಪರವಾಗಿ ಕೇಳಿದರು.

ತಮಿಳಿಗೆ ಕೊನೆಗೂ ಅಧಿಕೃತ ಸ್ಥಾನ ಸಿಕ್ಕಿತೇ?

ಸಿಕ್ಕಿತು, 1987ರಲ್ಲಿ, ಭಾರತ–ಶ್ರೀಲಂಕಾ ಒಪ್ಪಂದದ ಬೆನ್ನಿಗೇ ಬಂದ ಸಂವಿಧಾನದ 13ನೆಯ ತಿದ್ದುಪಡಿಯಲ್ಲಿ. ಅದನ್ನು ತಂದವರು ಮೂವತ್ತು ವರ್ಷಗಳ ಹಿಂದೆ ಕ್ಯಾಂಡಿಗೆ ಪಾದಯಾತ್ರೆ ಹೊರಟಿದ್ದ ಅದೇ ಜಯವರ್ಧನೆ. ಆ ಒಪ್ಪಂದವನ್ನು ವಿರೋಧಿಸಿದವರು ಸಿರಿಮಾವೊ.

ಮಗಳು ಅಧ್ಯಕ್ಷೆ, ತಾಯಿ ಪ್ರಧಾನಿ: ಇದು ಹೇಗೆ ನಡೆಯಿತು?

1978ರ ಸಂವಿಧಾನದಲ್ಲಿ ಅಧಿಕಾರವೆಲ್ಲ ಅಧ್ಯಕ್ಷರದ್ದು. 1994ರಿಂದ ಸಿರಿಮಾವೊ ಹೊಂದಿದ್ದ ಪ್ರಧಾನಿ ಹುದ್ದೆ ಬಹುಮಟ್ಟಿಗೆ ಗೌರವದ್ದು. ಆರೋಗ್ಯ ಕೆಟ್ಟು 2000ದ ಆಗಸ್ಟ್ 10ರಂದು ರಾಜೀನಾಮೆ ಕೊಟ್ಟರು. ಅಕ್ಟೋಬರ್ 10ರಂದು ಸಂಸತ್ತಿನ ಚುನಾವಣೆ. ಮತ ಹಾಕಿ ಕೊಲಂಬೊಗೆ ಮರಳುತ್ತಿದ್ದಾಗ ದಾರಿಯಲ್ಲಿ ಕಡವತದ ಬಳಿ ಹೃದಯಾಘಾತವಾಗಿ ತೀರಿಕೊಂಡರು.

ಅನುರ ಬಂಡಾರನಾಯಕೆ ಏಕೆ ಮುಂದೆ ಬರಲಿಲ್ಲ?

1983ರಿಂದ 1988ರವರೆಗೆ ವಿರೋಧ ಪಕ್ಷದ ನಾಯಕರಾಗಿದ್ದ ಅವರೇ ಉತ್ತರಾಧಿಕಾರಿ ಎಂದು ಬಹಳ ಜನ ನಂಬಿದ್ದರು. ತಾಯಿಯ ಒಲವು ಅಕ್ಕನ ಕಡೆ ತಿರುಗಿದಾಗ, 1993ರಲ್ಲಿ, ತಂದೆ ಕಟ್ಟಿದ ಪಕ್ಷವನ್ನೇ ಬಿಟ್ಟು ಎದುರಾಳಿಗಳ ಜೊತೆ ಸೇರಿದರು. ಮುಂದೆ ಮರಳಿ ಬಂದರು. ಸ್ಪೀಕರ್ ಆಗಿ 2001ರಲ್ಲಿ, ಸಂಸತ್ತಿನ ಕಲಾಪವನ್ನು ತಡೆಯುವ ಅಧಿಕಾರ ಸುಪ್ರೀಂ ಕೋರ್ಟಿಗಿಲ್ಲ ಎಂದು ಅವರು ಕೊಟ್ಟ ತೀರ್ಪನ್ನು ಅಲ್ಲಿ ಈಗಲೂ ಉಲ್ಲೇಖಿಸುತ್ತಾರೆ. 2008ರಲ್ಲಿ, 59ನೆಯ ವಯಸ್ಸಿನಲ್ಲಿ, ನಿಧನರಾದರು.

ಈಗ ಕುಟುಂಬದ ಸ್ಥಿತಿ ಏನು?

2005ರ ಬಳಿಕ ಪಕ್ಷ ಮಹಿಂದ ರಾಜಪಕ್ಸ ಅವರ ಕೈಗೆ ಹೋಯಿತು. ಅವರ ತಂದೆ ಡಿ.ಎ. ರಾಜಪಕ್ಸ ಅವರೂ 1951ರಲ್ಲಿ ಎಸ್.ಡಬ್ಲ್ಯು.ಆರ್.ಡಿ. ಜೊತೆ ಹೊರಬಂದವರೇ. 2015ರಲ್ಲಿ ರಾಜಪಕ್ಸ ಅವರನ್ನು ಸೋಲಿಸಿದ ಮೈತ್ರಿಯನ್ನು ಹೆಣೆದವರಲ್ಲಿ ಚಂದ್ರಿಕಾ ಮುಖ್ಯರು. ಅವರ ಇಬ್ಬರು ಮಕ್ಕಳೂ ರಾಜಕೀಯಕ್ಕೆ ಬರಲಿಲ್ಲ. ಹಿರಿಯಕ್ಕ ಸುನೇತ್ರಾ ಕಲೆ ಮತ್ತು ಸಮಾಜಸೇವೆಯ ದಾರಿ ಹಿಡಿದವರು.

ಕೊಲಂಬೊದ ವಿಮಾನ ನಿಲ್ದಾಣದಲ್ಲಿ ಇಳಿಯುವ ಪ್ರತಿಯೊಬ್ಬರೂ ಇಂದಿಗೂ ಬಂಡಾರನಾಯಕೆ ಎಂಬ ಹೆಸರನ್ನು ಓದುತ್ತಾರೆ. ಕ್ಯಾಂಡಿ ರಸ್ತೆಯಲ್ಲಿ ನಿಟ್ಟಂಬುವದ ಹತ್ತಿರ ಹೊರಗೊಲ್ಲದಲ್ಲಿ ಗಂಡಹೆಂಡಿರ ಸಮಾಧಿ ಇದೆ. ಅದೇ ರಸ್ತೆಯಲ್ಲಿ ಕೊಲಂಬೊದ ಕಡೆಗೆ ಬಂದರೆ ಇಂಬುಲ್‌ಗೊಡ, ಇನ್ನೂ ಮುಂದೆ ಕಡವತ.